ಪರಯಂತ್ರದಲ್ಲಿ ತಂತ್ರಾಂಶದ ಪರೀಕ್ಷೆ

ಶಾಸನಗಳಲ್ಲಿ ಶಕವರ್ಷವನ್ನು ಭೂತಸಂಖ್ಯೆಯಿಂದ ಸೂಚಿಸುವಾಗ ಏಕಸ್ಥಾನದ ಅಂಕಿಯೇ ಮೊದಲು ಬರುವುದೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಈ ಸಂಪ್ರದಾಯವನ್ನರಿಯದವನಿಗೆ ಪದಗಳೆಲ್ಲವೂ ಸರಿಯಾಗಿ ತೋರಿ ಕಾಲ ಮಾತ್ರ ತಪ್ಪುವುದು. ಗಣಕಯಂತ್ರಗಳಲ್ಲಿಯೂ ಇಂತಹ ಎರಡು ಸಂಪ್ರದಾಯಗಳುಂಟು. 258 ಎಂಬ ಸಂಖ್ಯೆಯನ್ನು ಎರಡು ಬೈಟುಗಳಲ್ಲಿ ಇರಿಸಿದರೆ 256ರ ಸ್ಥಾನದಲ್ಲಿ 1, ಏಕಸ್ಥಾನದಲ್ಲಿ 2 ನಿಲ್ಲುತ್ತವೆ. ಇಂಟೆಲ್ ವಂಶದ ಎಕ್ಸ್86 ಪ್ರೊಸೆಸರುಗಳು ಕಿರಿಯ ಸ್ಥಾನವನ್ನು ಮೊದಲಿಡುತ್ತವೆ. ಐಬಿಎಂ ಸಂಸ್ಥೆಯ ಎಸ್390ಎಕ್ಸ್ ಹಿರಿಯ ಸ್ಥಾನವನ್ನು. ಒಂದು ಬರೆದುದನ್ನು ಮತ್ತೊಂದು ತನ್ನ ರೂಢಿಯಂತೆಯೇ ಓದಿದರೆ 258 ಹೋಗಿ 513 ಆಗುವುದು. 1980ರಲ್ಲಿ ಡ್ಯಾನಿ ಕೊಹೆನ್ ಎಂಬವರು ಈ ಭೇದಕ್ಕೆ ಸ್ವಿಫ್ಟನ ಗಲಿವರನ ಪ್ರವಾಸಕಥೆಯಿಂದ ಹೆಸರನ್ನು ತೆಗೆದುಕೊಂಡರು. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಅಲ್ಲಿ ಕಾದಾಡಿದ ಪಂಗಡಗಳ ಹೆಸರೇ ಯಂತ್ರಗಳಿಗೂ ನಿಂತಿತು.

ಮುಕ್ತ ತಂತ್ರಾಂಶದ ಮೂಲಲೇಖವನ್ನು ಯಾರಾದರೂ ಓದಬಹುದು, ತಿದ್ದಬಹುದು. ತಿದ್ದುಪಡಿ ಬಂದೊಡನೆ ಅದನ್ನು ಮೂಲದೊಡನೆ ಕೂಡಿಸಿ, ಎಲ್ಲ ಪರೀಕ್ಷೆಗಳನ್ನೂ ತಾನಾಗಿಯೇ ನಡೆಸುವ ಏರ್ಪಾಡಿಗೆ ನಿರಂತರ ಅನುಕಲನವೆಂದು ಹೆಸರು. ಆದರೆ ಈ ಪರೀಕ್ಷೆಗಳು ಬಹುಕಾಲ ಎಕ್ಸ್86 ಯಂತ್ರಗಳಲ್ಲಿಯೇ ಹೆಚ್ಚಾಗಿ ನಡೆದುವು. ಒಂದೇ ಪ್ರತಿಯನ್ನು ನೋಡಿ ಪಾಠವನ್ನು ನಿರ್ಣಯಿಸಿದ ಸಂಪಾದಕನಂತೆ, ಪರೀಕ್ಷಕನು ಆ ಯಂತ್ರದ ರೂಢಿಯನ್ನೇ ಭಾಷೆಯ ನಿಯಮವೆಂದು ಬಗೆಯುವ ಅಪಾಯವಿದೆ.

ಕನ್ನಡ ಬರಹಕ್ಕೇ ತಾಗುವ ಒಂದು ನಿದರ್ಶನವುಂಟು. ಯುಟಿಎಫ್-8 ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟುಗಳು. ಮೊದಲನೆಯದು ಯಾವಾಗಲೂ 224. ಸಿ ಭಾಷೆಯ 'ಚಾರ್' ಎಂಬ ಬೈಟು ಋಣಸಂಖ್ಯೆಯನ್ನು ಹಿಡಿಯುವುದೋ ಇಲ್ಲವೋ ಎಂಬುದನ್ನು ಆ ಭಾಷೆಯ ನಿಯಮಾವಳಿ ನಿರ್ಧರಿಸದೆ ಬಿಟ್ಟಿದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಎಕ್ಸ್86 ಹಿಡಿಯುತ್ತದೆ, ಆರ್ಮ್ ಹಿಡಿಯುವುದಿಲ್ಲ. ಆದುದರಿಂದ ಅದೇ 224 ಮೊದಲನೆಯದರಲ್ಲಿ -32 ಆಗುತ್ತದೆ, ಎರಡನೆಯದರಲ್ಲಿ 224 ಆಗಿಯೇ ಉಳಿಯುತ್ತದೆ. 'ಸೊನ್ನೆಗಿಂತ ಕಡಿಮೆಯಿದ್ದರೆ ರೋಮನ್ ಅಕ್ಷರವಲ್ಲ' ಎಂದು ಬರೆದ ಕ್ರಮವಿಧಿ ಎಕ್ಸ್86ರಲ್ಲಿ ಕನ್ನಡವನ್ನು ಗುರುತಿಸಿ, ಆರ್ಮಿನಲ್ಲಿ ಗುರುತಿಸದೆ ಹೋಗುವುದು. ಮೊದಲಿನ ಯಂತ್ರದಲ್ಲಿ ಸಾವಿರ ಸಲ ಪರೀಕ್ಷಿಸಿದರೂ ಈ ದೋಷ ಹೊರಬೀಳದು.

ಡೆಬಿಯನ್ ಬಳಗವು ತನ್ನ ತಂತ್ರಾಂಶವನ್ನು ಅನೇಕ ವಿಧದ ಪ್ರೊಸೆಸರುಗಳಿಗೆ ಕಟ್ಟುವ ಪರಿಪಾಠವನ್ನು ಬಹುಕಾಲದಿಂದ ಇಟ್ಟುಕೊಂಡಿದೆ. ಸಣ್ಣ ಬಳಗಗಳಿಗೆ ಅಂತಹ ಯಂತ್ರಗಳು ದುರ್ಲಭ. 2019ರಲ್ಲಿ ಟ್ರಾವಿಸ್ ಸಿಐ ಸೇವೆಯು ಆರ್ಮ್, ಪವರ್, ಎಸ್390ಎಕ್ಸ್ ಯಂತ್ರಗಳನ್ನೂ, 2025ರಲ್ಲಿ ಗಿಟ್‌ಹಬ್ ಆರ್ಮ್ ಯಂತ್ರಗಳನ್ನೂ ಸಾರ್ವಜನಿಕ ಯೋಜನೆಗಳಿಗೆ ತೆರೆದುವು. ಯಂತ್ರವಿಲ್ಲದವರಿಗೆ ಫಾಬ್ರೀಸ್ ಬೆಲ್ಲಾರ್ ಆರಂಭಿಸಿದ ಕ್ಯೂಎಮು ಇದೆ; ಅದು ಒಂದು ಪ್ರೊಸೆಸರಿನ ಮೇಲೆ ಮತ್ತೊಂದರ ವೇಷವನ್ನು ಕಟ್ಟುತ್ತದೆ. ಬೈಟುಗಳ ಕ್ರಮವನ್ನು ಪರೀಕ್ಷಿಸಲು ವೇಷವೇ ಸಾಕು, ನಿಧಾನವೊಂದೇ ಕೊರತೆ. ಆದರೆ ಹಲವು ಕೆಲಸಗಳು ಏಕಕಾಲದಲ್ಲಿ ಒಂದೇ ಸ್ಮೃತಿಯನ್ನು ಮುಟ್ಟುವಲ್ಲಿ ನಿಜವಾದ ಆರ್ಮ್ ಎಕ್ಸ್86ಗಿಂತ ಸಡಿಲವಾದ ಕ್ರಮವನ್ನು ಅನುಸರಿಸುತ್ತದೆ. ಎಕ್ಸ್86ರ ಮೇಲೆ ಕಟ್ಟಿದ ವೇಷದಲ್ಲಿ ಆ ದೋಷಗಳು ಅಡಗಿಯೇ ಇರಬಹುದು.

ಎಸ್390ಎಕ್ಸ್ ಬಳಸುವವರು ತೀರ ವಿರಳರಾಗಿರಲು ಈ ಶ್ರಮವೇಕೆಂದು ಕೆಲವರು ಕೇಳುವುದುಂಟು. ಬಳಸುವವರ ಸಂಖ್ಯೆ ಇಲ್ಲಿ ಸರಿಯಾದ ಅಳತೆಯಲ್ಲ. ಅಲ್ಲಿ ಸಿಕ್ಕುವ ತಪ್ಪು ಹಲವು ವೇಳೆ ಮೂಲಲೇಖದ್ದೇ ಆಗಿದ್ದು, ಎಕ್ಸ್86ರಲ್ಲಿ ಅದೃಷ್ಟವಶದಿಂದ ಮುಚ್ಚಿಹೋಗಿರುತ್ತದೆ. ಹೊಸ ಪರೀಕ್ಷೆಯನ್ನು ಮೊದಲ ದಿನವೇ ಕಡ್ಡಾಯಮಾಡುವುದು ಮಾತ್ರ ಉಚಿತವಲ್ಲ. ಹಳೆಯ ದೋಷಗಳ ರಾಶಿಯಲ್ಲಿ ಹೊಸ ತಿದ್ದುಪಡಿಗಳೆಲ್ಲ ತಡೆದು ನಿಲ್ಲುವುವು. ಕೆಲವು ಕಾಲ ಸೂಚನಾರ್ಥವಾಗಿ ನಡೆಸಿ, ದೋಷಗಳನ್ನು ತಿದ್ದಿದ ಬಳಿಕ ಅದನ್ನು ಕಡ್ಡಾಯಗೊಳಿಸಬೇಕು. ಸೂಚನಾರ್ಥವಾಗಿಯೇ ಉಳಿದ ಪರೀಕ್ಷೆಯ ಫಲವನ್ನು ಸ್ವಲ್ಪ ಕಾಲದಲ್ಲಿಯೇ ಯಾರೂ ಓದದಂತಾಗುತ್ತದೆ.