ಪೇರಿಸಿದ ಸ್ವಿಚ್ಚುಗಳು ಒಂದಾಗದಿರುವುದೇಕೆ?

ಒಂದರ ಮೇಲೊಂದು ಪೇರಿಸಿದ ನೆಟ್‌ವರ್ಕ್ ಸ್ವಿಚ್ಚುಗಳು,
ದೀಪ ಬೆಳಗಿಯೂ, ಕೇಬಲ್ಲಿನಿಂದ ಬಂಧಿತವಾಗಿಯೂ,
ಒಂದನ್ನೊಂದು ಗುರುತಿಸದೆ ಉಳಿಯುವುದೇತಕ್ಕೆ?

ಸಿಸ್ಕೋ ಸಂಸ್ಥೆಯ ಕ್ಯಾಟಲಿಸ್ಟ್ 9300 ಶ್ರೇಣಿಯನ್ನೇ ನಿದರ್ಶನವಾಗಿ ನೋಡೋಣ.
ಇಲ್ಲಿ 8 ಸ್ವಿಚ್ಚುಗಳವರೆಗೆ ಕೂಡಿಕೊಂಡು,
ಒಂದರ ನಾಯಕತ್ವದಲ್ಲಿ,
‘ಸ್ಟ್ಯಾಕ್’ ಎಂಬ ಏಕಯಂತ್ರವಾಗಿ ವರ್ತಿಸಬಲ್ಲವು.

ಮೇಳಕ್ಕೆ ಬಂದ ಗಾಯಕನು ಎಷ್ಟೇ ಸಮರ್ಥನಾಗಿದ್ದರೂ,
ಶ್ರುತಿ ಕೂಡದಿದ್ದರೆ ಹೊರಗೆ ನಿಲ್ಲಬೇಕಾಗುವಂತೆ,
ತಂತ್ರಾಂಶದ ಆವೃತ್ತಿ ಭಿನ್ನವಾದ ಸ್ವಿಚ್ಚೂ
ಹೊರಗೇ ನಿಲ್ಲುವುದು.
‘ಶೋ ಸ್ವಿಚ್’ ಎಂಬ ಆಜ್ಞೆಯನ್ನಿತ್ತರೆ,
‘ರೆಡಿ’ ಎಂದಿರಬೇಕಾದಲ್ಲಿ
‘ವಿ-ಮಿಸ್‌ಮ್ಯಾಚ್’ ಎಂದು ಕಾಣುವುದು.
ಆವೃತ್ತಿಯನ್ನು ಸಮಗೊಳಿಸುವುದೇ ಅದಕ್ಕೆ ಪರಿಹಾರ.
ಪರವಾನಗಿಯ ಮಟ್ಟವೂ ಸಮವಾಗಿರತಕ್ಕದ್ದು.

ಆದರೆ ಹೊಸ ಸ್ವಿಚ್ಚು ಆ ಆಜ್ಞೆ ತೋರುವ ಪಟ್ಟಿಯಲ್ಲಿ ಕಾಣಲೇ ಇಲ್ಲವಾದರೆ,
ಮೊದಲಿಗೇ ತಂತ್ರಾಂಶವನ್ನು ಶಂಕಿಸುವುದು ಕಾಲಹರಣ;
ಹಿಂಬದಿಯ ಸ್ಟ್ಯಾಕ್ ಕೇಬಲ್ಲನ್ನು ಕಳಚಿ,
ಪುನಃ ಪೂರ್ಣವಾಗಿ ಒಳಸೇರಿಸಿ,
ತಿರುಪನ್ನು ಬಿಗಿಮಾಡಿರಿ.
ಸ್ವಿಚ್ಚುಗಳನ್ನು ಕೂಡಿಸುವ ಈ ಕೇಬಲ್ಲುಗಳ ವರ್ತುಲ ಒಂದೆಡೆ ತುಂಡಾದರೂ ಸ್ಟ್ಯಾಕ್ ನಡೆಯುವುದು;
ವಹನಸಾಮರ್ಥ್ಯ ಮಾತ್ರ ಅರ್ಧಕ್ಕಿಳಿಯುವುದು.

ಇನ್ನೊಂದು ಮಾತನ್ನು ನಾನು ಒತ್ತಿ ಹೇಳಲೇಬೇಕು.
ಚಾಲನೆಯಲ್ಲಿರುವ ಸ್ಟ್ಯಾಕಿಗೆ,
ಚಾಲನೆಯಲ್ಲಿರುವ ಹೊಸ ಸ್ವಿಚ್ಚನ್ನೇ ಜೋಡಿಸಿದರೆ,
ಎರಡು ನಾಯಕ ಸ್ವಿಚ್ಚುಗಳು ಎದುರಾಗಿ,
ಅವುಗಳೊಳಗೆ ಚುನಾವಣೆ ನಡೆದು,
ಸೋತ ಪಕ್ಷವೆಲ್ಲ ರೀಲೋಡ್ ಆಗುವುದು.
ಸೋತದ್ದು ಹಳೆಯ ಸ್ಟ್ಯಾಕೇ ಆದರೆ,
ಅದನ್ನು ನಂಬಿದ ಕಚೇರಿಯ ಕಾರ್ಯವೆಲ್ಲ ಸ್ತಬ್ಧ!
ಆದ್ದರಿಂದ, ದಯವಿಟ್ಟು,
ಹೊಸ ಸ್ವಿಚ್ಚಿನ ವಿದ್ಯುತ್ತನ್ನು ಮೊದಲು ಕಡಿದು,
ಕೇಬಲ್ಲನ್ನು ಜೋಡಿಸಿ,
ಅನಂತರವೇ ಅದಕ್ಕೆ ವಿದ್ಯುತ್ತನ್ನು ಕೊಡಿರಿ.