ರಿಚ್ಚಿಯ ಠೀವಿ ಎಲ್ಲಿಯದು?

ಪ್ರಶ್ನೆ: ನಮ್ಮ ಕರಾವಳಿ ಹುಡುಗರ ಸಿನಿಮಾಗಳಲ್ಲಿ ಹಾಲಿವುಡ್ ಗಾಳಿ ಜೋರಾಗಿದೆಯಲ್ಲ, ಇದು ಬರೀ ಅನುಕರಣೆಯೇ? (ಓದುಗರು, ಕಾಪು)

ಉತ್ತರ: ಖಂಡಿತ ಅಲ್ಲ. 2014ರ ‘ಉಳಿದವರು ಕಂಡಂತೆ’ಯನ್ನೇ ನೋಡಿ. ಕಾರ್ಕಳ ಬಳಿಯ ನಿಟ್ಟೆಯಲ್ಲಿ ಎಂಜಿನಿಯರಿಂಗ್ ಓದಿದ ಉಡುಪಿಯ ರಕ್ಷಿತ್ ಶೆಟ್ಟಿ ನಿರ್ದೇಶಿಸಿದ ಮೊದಲ ಚಿತ್ರವಿದು. ಇದರಲ್ಲಿರುವಂತೆ ಒಂದೇ ಘಟನೆಯನ್ನು ಹಲವರ ಬಾಯಲ್ಲಿ ಹೇಳಿಸುವ ಬಗೆಯನ್ನು ಜಪಾನಿನ ನಿರ್ದೇಶಕ ಕುರೊಸಾವಾ 1950ರಲ್ಲೇ ‘ರಾಶೊಮಾನ್’ನಲ್ಲಿ ತೋರಿಸಿದ್ದರು. ಕಥೆಯನ್ನು ಅಧ್ಯಾಯಗಳಾಗಿ ಒಡೆಯುವ ಇದರ ಕ್ರಮವೂ ಹಾಲಿವುಡ್ ನಿರ್ದೇಶಕ ಟರಾಂಟಿನೊ ಅಭಿಮಾನಿಗಳಿಗೆ ಹೊಸದೇನಲ್ಲ. ಆದರೆ ಚಿತ್ರದ ಮುಖ್ಯ ಪಾತ್ರವಾದ ಮಲ್ಪೆಯ ರಿಚ್ಚಿಯನ್ನು ಗಮನಿಸಿ. ಕಣ್ಣಿಗೆ ಕೂಲಿಂಗ್ ಗ್ಲಾಸ್, ನಡಿಗೆಯಲ್ಲಿ ವಿದೇಶಿ ಗ್ಯಾಂಗ್‌ಸ್ಟರ್‌ನ ಠೀವಿ. ಬಾಯಿ ತೆರೆದರೆ ಅಪ್ಪಟ ಕರಾವಳಿ ಕನ್ನಡ, ತಾಸೆ ಬಡಿದರೆ ಹುಲಿವೇಷದ ಹೆಜ್ಜೆ. ನನಗಂತೂ ಆ ಠೀವಿಗಿಂತ ಮಾತೇ ದೊಡ್ಡ ಸಾಹಸ ಅನ್ನಿಸುತ್ತದೆ. ಅದುವರೆಗೆ ನಮ್ಮ ಸಿನಿಮಾಗಳು ಈ ಕನ್ನಡವನ್ನು ಹೆಚ್ಚಾಗಿ ನಗಿಸುವ ಪಾತ್ರಗಳಿಗೇ ಕೊಟ್ಟಿದ್ದವು.