ಖೋ ಖೋ ಅಂಗಣಕ್ಕೆ ‘ವಜೀರ್’ ಬಂದಿದ್ದು ಸರಿಯೇ? ಪುಣೆ ಲೀಗ್‌ನ ಹೊಸ ನಿಯಮಗಳ ಪರ-ವಿರೋಧ ವಾದವೇನು?

ಶಾಲೆಯ ಮೈದಾನದಲ್ಲಿ ಖೋ ಖೋ ಆಡಿದ ಎಲ್ಲರಿಗೂ ಒಂದು ನಿಯಮ ನೆನಪಿರುತ್ತದೆ. ಬೆನ್ನಟ್ಟುವ ಆಟಗಾರ ಒಮ್ಮೆ ಒಂದು ದಿಕ್ಕು ಹಿಡಿದರೆ ಕಂಬ ಮುಟ್ಟುವವರೆಗೆ ಹಿಂದಕ್ಕೆ ತಿರುಗುವಂತಿಲ್ಲ. 2022ರ ಆಗಸ್ಟ್ 14ರಂದು ಪುಣೆಯ ಬಾಳೇವಾಡಿಯಲ್ಲಿರುವ ಶ್ರೀ ಶಿವಛತ್ರಪತಿ ಕ್ರೀಡಾ ಸಂಕೀರ್ಣದಲ್ಲಿ ಆರಂಭವಾದ ‘ಅಲ್ಟಿಮೇಟ್ ಖೋ ಖೋ’ ವೃತ್ತಿಪರ ಲೀಗ್ ಈ ನಿಯಮವನ್ನೇ ಸಡಿಲಿಸಿತು. ಆಟ ಈಗ ರೋಚಕವಾಯಿತು ಎನ್ನುವವರೂ ಇದ್ದಾರೆ, ಆಟದ ಜೀವಾಳಕ್ಕೇ ಕೈ ಹಾಕಿದರು ಎನ್ನುವವರೂ ಇದ್ದಾರೆ. ಅಸಲಿಗೆ ಬದಲಾಗಿದ್ದೇನು? ಇಲ್ಲಿದೆ ವಿವರ.

ಹೊಸ ನಿಯಮಗಳೇನು?

ಸಾಂಪ್ರದಾಯಿಕ ಖೋ ಖೋದಲ್ಲಿ ಬೆನ್ನಟ್ಟುವ ತಂಡದ 9 ಮಂದಿ ಅಂಗಣದಲ್ಲಿರುತ್ತಾರೆ. 8 ಮಂದಿ ಒಬ್ಬರು ಬಿಟ್ಟು ಒಬ್ಬರು ಎದುರು ಬದುರು ದಿಕ್ಕಿಗೆ ಮುಖ ಮಾಡಿ ಕುಳಿತರೆ, ಒಬ್ಬರು ಓಡುತ್ತಾರೆ. ಒಂದು ಸರದಿ 9 ನಿಮಿಷ. ಲೀಗ್‌ನಲ್ಲಿ ಈ ಸಂಖ್ಯೆ 7ಕ್ಕೆ ಇಳಿಯಿತು. ಸರದಿಯೂ 7 ನಿಮಿಷಕ್ಕೆ ಇಳಿಯಿತು. ಕೂರುವವರು ಕಡಿಮೆಯಾದಂತೆ ಅಂಗಣದ ಉದ್ದವೂ ಕಡಿಮೆಯಾಯಿತು.

ದೊಡ್ಡ ಬದಲಾವಣೆ ಎಂದರೆ ‘ವಜೀರ್’. ಬೆನ್ನಟ್ಟುವ ತಂಡದ ಈ ಆಟಗಾರ ಯಾವ ದಿಕ್ಕಿಗೆ ಬೇಕಾದರೂ ಓಡಬಹುದು. ಪವರ್‌ಪ್ಲೇ ಪಡೆದಾಗ ತಂಡಕ್ಕೆ ಇಬ್ಬರು ವಜೀರ್‌ಗಳು ಸಿಗುತ್ತಾರೆ. ಗಾಳಿಯಲ್ಲಿ ಹಾರಿ ಮುಟ್ಟುವ ‘ಸ್ಕೈ ಡೈವ್’ ಹಾಗೂ ಕಂಬ ಹಿಡಿದು ಚಾಚಿ ಮುಟ್ಟುವ ‘ಪೋಲ್ ಡೈವ್’ಗೆ ಸಾಮಾನ್ಯ ಔಟ್‌ಗಿಂತ ಹೆಚ್ಚು ಅಂಕ. ಇತ್ತ ಓಡುವ ತಂಡದ ಮೂವರ ಗುಂಪು ನಿಗದಿತ ಸಮಯ ದಾಟಿ ಉಳಿದರೆ ಅವರಿಗೆ ಬೋನಸ್ ಅಂಕ.

ಫೈನಲ್ ನಿರ್ಧರಿಸಿದ್ದೇ ಹೊಸ ನಿಯಮ

ಸೆಪ್ಟೆಂಬರ್ 4ರಂದು ನಡೆದ ಫೈನಲ್ ಈ ನಿಯಮಗಳ ಪರಿಣಾಮಕ್ಕೆ ಒಳ್ಳೆಯ ಉದಾಹರಣೆ. ಕೊನೆಯ ಹಂತದಲ್ಲಿ ಒಡಿಶಾ ಜಗ್ಗರ್‌ನಾಟ್ಸ್ ತಂಡ ತೆಲುಗು ಯೋಧಾಸ್‌ಗಿಂತ 2 ಅಂಕ ಹಿಂದಿತ್ತು. ಆಗ ಸೂರಜ್ ಲಾಂಡೆ ಹೊಡೆದ ಸ್ಕೈ ಡೈವ್‌ಗೆ 3 ಅಂಕ ಸಿಕ್ಕಿತು. ಒಡಿಶಾ 46-45ರಿಂದ ಚಾಂಪಿಯನ್ ಆಯಿತು. ಸಾಮಾನ್ಯ ಔಟ್‌ಗೆ ಸಿಗುವ 2 ಅಂಕವಷ್ಟೇ ಬಂದಿದ್ದರೆ ಅಂಕಗಳು ಸಮವಾಗುತ್ತಿದ್ದವು.

ಪರ ವಾದವೇನು?

ಟಿವಿಯಲ್ಲಿ ನೋಡುವವರಿಗೆ ಕಡಿಮೆ ಸಮಯದಲ್ಲಿ ಹೆಚ್ಚು ಆಟ ಸಿಗಬೇಕು ಎಂಬುದು ಬದಲಾವಣೆಯ ಪರ ಇರುವವರ ಮುಖ್ಯ ವಾದ. ಅಂಕ ಹೆಚ್ಚಿದಷ್ಟೂ ಹಿಂದೆ ಬಿದ್ದ ತಂಡಕ್ಕೆ ಮರಳಿ ಬರಲು ಅವಕಾಶ ಹೆಚ್ಚು. ನೋಡುಗರಿದ್ದರೆ ಮಾತ್ರ ಪ್ರಾಯೋಜಕರು ಬರುತ್ತಾರೆ, ಆಟಗಾರರ ಕೈಗೆ ಹಣ ಸೇರುತ್ತದೆ. ಕಬಡ್ಡಿಗೆ ಪ್ರೊ ಲೀಗ್ ತಂದುಕೊಟ್ಟ ಬದುಕು ಖೋ ಖೋಗೂ ಸಿಗಲಿ ಎಂಬುದು ಇವರ ಆಶಯ.

ವಿರೋಧ ಯಾಕೆ?

ಹಳೆಯ ಪದ್ಧತಿಯ ಅಭಿಮಾನಿಗಳ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. ಕುಳಿತವರ ನಡುವೆ ಅಂಕುಡೊಂಕಾಗಿ ನುಗ್ಗುವ ಚೈನ್ ಗೇಮ್, ಸುತ್ತು ಹಾಕುವ ರಿಂಗ್ ಗೇಮ್ ಎಲ್ಲವೂ ಬೆನ್ನಟ್ಟುವವ ಹಿಂದಕ್ಕೆ ತಿರುಗಲಾರ ಎಂಬ ಲೆಕ್ಕದ ಮೇಲೆ ನಿಂತಿವೆ. ವಜೀರ್ ಬಂದರೆ ಆ ಲೆಕ್ಕ ತಪ್ಪುತ್ತದೆ. ಸರಿಯಾದ ಸಮಯಕ್ಕೆ ‘ಖೋ’ ಕೊಡುವ ತಂಡದ ಜಾಣತನಕ್ಕಿಂತ ಒಬ್ಬನ ವೇಗಕ್ಕೆ ಬೆಲೆ ಹೆಚ್ಚುತ್ತದೆ ಎಂಬುದು ಇವರ ಆತಂಕ.

ಆದರೆ ಬೋನಸ್ ಅಂಕದ ನಿಯಮ ಓಟಗಾರರ ಕೈ ಹಿಡಿದಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಕೂಡ 7 ಮಂದಿಯ ಆಟವಾಗಿತ್ತು. ಮಹಿಳೆಯರ ಫೈನಲ್‌ನಲ್ಲಿ ಭಾರತ ನೇಪಾಳವನ್ನು 78-40ರಿಂದ ಸೋಲಿಸಿದಾಗ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಬಿ. ಇದ್ದ ಗುಂಪು 5 ನಿಮಿಷಕ್ಕೂ ಹೆಚ್ಚು ಹೊತ್ತು ಔಟಾಗದೆ ಉಳಿದು ‘ಡ್ರೀಮ್ ರನ್’ ಅಂಕ ಗಳಿಸಿತ್ತು. ಪಂದ್ಯಶ್ರೇಷ್ಠ ಪ್ರಶಸ್ತಿಯೂ ಚೈತ್ರಾಗೇ ಸಿಕ್ಕಿತು.

ನಿಯಮ ಬರೆದದ್ದೂ ಪುಣೆಯೇ

ಖೋ ಖೋ ನಿಯಮಗಳು ಬದಲಾಗಿದ್ದು ಇದೇ ಮೊದಲೇನಲ್ಲ. ಹಳ್ಳಿಗೊಂದು ರೀತಿ ಆಡುತ್ತಿದ್ದ ಈ ಆಟಕ್ಕೆ ಲಿಖಿತ ನಿಯಮ ರೂಪಿಸಲು ಪುಣೆಯ ಡೆಕ್ಕನ್ ಜಿಮ್ಖಾನಾ 1914ರಲ್ಲಿ ಸಮಿತಿ ರಚಿಸಿತ್ತು. ಆರಂಭದ ವರ್ಷಗಳಲ್ಲಿ ಮಧ್ಯರೇಖೆಯ ತುದಿಗಳಲ್ಲಿ ಕಂಬಗಳೇ ಇರಲಿಲ್ಲ. ಇಂದು ಕಂಬವಿಲ್ಲದ ಖೋ ಖೋವನ್ನು ಯಾರೂ ಊಹಿಸಿಕೊಳ್ಳಲಾರರು. ಹಾಗಾಗಿ ‘ಮೊದಲಿನಿಂದ ಹೀಗೇ ಇತ್ತು’ ಎಂಬ ವಾದಕ್ಕೆ ಹೆಚ್ಚು ಬಲವಿಲ್ಲ.

ಅಸಲಿ ಸಮಸ್ಯೆ ಎರಡು ಆಟಗಳದ್ದು

ಹೊಸ ನಿಯಮ ಎಲ್ಲಿಂದ ಶುರುವಾಗಬೇಕು ಎಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ 2023ರಲ್ಲಿ ಚೆಂಡು ಎಸೆಯಲು ಸಮಯದ ಮಿತಿ ವಿಧಿಸಿತು. ಇದಕ್ಕೂ ಅಲ್ಲಿ ಜೋರು ಆಕ್ಷೇಪವಿತ್ತು. ಪಂದ್ಯದ ಸರಾಸರಿ ಅವಧಿ ಮಾತ್ರ 3 ಗಂಟೆಗೂ ಹೆಚ್ಚಿದ್ದುದು 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಗಮನಿಸಬೇಕಾದ ಸಂಗತಿ ಎಂದರೆ, ಈ ನಿಯಮವನ್ನು ಮೊದಲು ಕೆಳಹಂತದ ಲೀಗ್‌ಗಳಲ್ಲಿ ವರ್ಷಗಟ್ಟಲೆ ಪರೀಕ್ಷಿಸಲಾಗಿತ್ತು. ಮೇಲಕ್ಕೆ ಬಂದ ಅನೇಕ ಯುವ ಆಟಗಾರರಿಗೆ ಅದು ಆಗಲೇ ರೂಢಿಯಾಗಿತ್ತು.

ಖೋ ಖೋದಲ್ಲಿ ನಡೆದದ್ದು ಇದರ ಉಲ್ಟಾ. ನಿಯಮ ಬದಲಾದದ್ದು ಮೇಲಿನ ಲೀಗ್‌ನಲ್ಲಿ. ಆದರೆ ಪುಣೆ ಲೀಗ್‌ನ ನಂತರವೂ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳು 9 ಮಂದಿಯ ಪದ್ಧತಿಯಲ್ಲೇ ನಡೆದಿವೆ. ಶಾಲಾ ಮಕ್ಕಳು ಮಣ್ಣಿನ ಅಂಗಣದಲ್ಲಿ ಕಲಿಯುವುದೂ ಅದನ್ನೇ. ಲೀಗ್‌ಗೆ ಆಯ್ಕೆಯಾದವರು ಮ್ಯಾಟ್ ಮೇಲೆ, ವಜೀರ್ ಎದುರು, ಚಿಕ್ಕ ಅಂಗಣದಲ್ಲಿ ಮತ್ತೆ ಹೊಸದಾಗಿ ಕಲಿಯಬೇಕು. ಊರಿನ ಪಿಟಿ ಮೇಷ್ಟ್ರು ಯಾವ ಆಟ ಕಲಿಸಬೇಕು ಎಂಬ ಗೊಂದಲವೂ ಇದೆ.

ವಜೀರ್ ಬೇಕೋ ಬೇಡವೋ ಎಂಬುದನ್ನು ಕಾಲವೇ ತೀರ್ಮಾನಿಸಬಹುದು. ಆದರೆ ವೃತ್ತಿಪರ ಆಟಕ್ಕೆ ಹೊಸ ನಿಯಮವೇ ಗಟ್ಟಿ ಎನ್ನುವುದಾದರೆ, ಅದು ಜಿಲ್ಲಾ ಮಟ್ಟದ ಮಕ್ಕಳಿಗೂ ಆಡಲು ಸಿಗಬೇಕು. ಇಲ್ಲದಿದ್ದರೆ ನಿಯಮ ಬದಲಾವಣೆಯ ಲಾಭ ಮ್ಯಾಟ್ ಇರುವ ಊರುಗಳಿಗಷ್ಟೇ ಉಳಿಯುತ್ತದೆ.